ಮೂಡಲ ಕಡೆಯ ಮೂರು ಸಾಲು ಅವರೆ ಹೂವೇ ಬಿಟ್ಟಿಲ್ಲ, ಯಾಕಿರಬಹುದು?

ಹುಚ್ಚೆಳ್ಳು ಹೂ · ನವೆಂಬರ್ 8

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೈಕೋಬೇಡಿ.

ನಮ್ಮದು ಯಲಹಂಕ ದಾಟಿದ ಮೇಲೆ ರಾಜಾನುಕುಂಟೆ ಕಡೆ 2 ಎಕರೆ 30 ಗುಂಟೆ ಹೊಲ. ಅಪ್ಪನಿಗೆ 71 ವರ್ಷ. ಪ್ರತಿ ವರ್ಷ ರಾಗಿ, ಜೊತೆಗೆ ಅಕ್ಕಡಿ ಸಾಲು. ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ, ಬದುವಿನ ಪಕ್ಕ ತೊಗರಿ, ಅಲ್ಲಲ್ಲಿ ಸಾಸಿವೆ, ಹುಚ್ಚೆಳ್ಳು. ಅವರೆ ಅಂದರೆ ಅಂಗಡಿ ಬೀಜ ಅಲ್ಲ. ಅಜ್ಜಿ ಕಾಲದಿಂದ ಮನೆಯಲ್ಲೇ ಎತ್ತಿಟ್ಟುಕೊಂಡು ಬಂದಿರುವ ನಾಟಿ ಅವರೆ. ಬೂದಿ ಬೆರೆಸಿ ಮಡಕೆಗೆ ಹಾಕಿ, ಬಾಯಿಗೆ ಸಗಣಿ ಮೆತ್ತಿ ಅಟ್ಟದ ಮೇಲೆ ಇಡುತ್ತಾರೆ.

ಈ ಸಲ ಪಡುವಲ ಕಡೆ ಅವರೆ ಚೆನ್ನಾಗಿ ಹೂ ಬಿಟ್ಟಿದೆ. ಒಂದೆರಡು ಕಡೆ ಎಳೆ ಕಾಯಿ ಕೂಡ ಕಚ್ಚಿದೆ. ಆದರೆ ಮೂಡಲ ಕಡೆಯ ಮೂರು ಸಾಲಿನಲ್ಲಿ ಬರೀ ಎಲೆ, ಬರೀ ಬಳ್ಳಿ. ಒಂದು ಮೊಗ್ಗೂ ಇಲ್ಲ. ಅದೇ ಬೀಜ, ಒಂದೇ ದಿನ ಬಿತ್ತಿದ್ದು (ಜುಲೈ ಎರಡನೇ ವಾರ), ಅದೇ ಕೊಟ್ಟಿಗೆ ಗೊಬ್ಬರ. ಆ ಕಡೆಯ ರಾಗಿ ಕೂಡ ಒಂದು ವಾರ ತಡವಾಗಿ ತೆನೆ ಹಾಕಿತು, ಆಗ ನಾವು ತಲೆ ಕೆಡಿಸಿಕೊಂಡಿರಲಿಲ್ಲ.

ಅಪ್ಪ ದಿನಾ ಹಾಲು ಕರೆದು, ಡೈರಿಗೆ ಹಾಕಿ, ಕಾಫಿ ಕೂಡ ಕುಡಿಯದೆ ಆ ಮೂರು ಸಾಲಿನ ಹತ್ತಿರ ಹೋಗಿ ನಿಲ್ಲುತ್ತಾರೆ. ನಿನ್ನೆ ನಾನು ಆಫೀಸಿಗೆ ಹೊರಟಾಗ ಒಂದು ಕುಡಿ ಹಿಡಿದು ಎಲೆ ಬಿಡಿಸಿ ಬಿಡಿಸಿ ನೋಡುತ್ತಿದ್ದರು, ಮಗುವಿನ ತಲೆಯಲ್ಲಿ ಹೇನು ಹುಡುಕುವ ಹಾಗೆ. "ನಾನು ನೇಗಿಲು ಕಟ್ಟಿದಾಗಿಂದ ಹಿಂಗಾಗಿಲ್ಲ ಕಣಮ್ಮ" ಅಂದರು. ಬೇರೇನೂ ಹೇಳಲಿಲ್ಲ.

ಯಾರಿಗಾದರೂ ಗೊತ್ತಿದ್ದರೆ ಹೇಳಿ.

ಆನೇಕಲ್ ಹುಡುಗ · ನವೆಂಬರ್ 8

ಯೂರಿಯಾ ಜಾಸ್ತಿ ಬಿದ್ದಿರಬೇಕು ಅಕ್ಕ. ಸಾರಜನಕ ಹೆಚ್ಚಾದರೆ ಗಿಡ ಸೊಕ್ಕಿ ಎಲೆ ಬಿಡುತ್ತೆ, ಹೂ ಬಿಡಲ್ಲ. ನಮ್ಮ ಚಿಕ್ಕಪ್ಪನ ಟೊಮೇಟೊಗೆ ಹೀಗೇ ಆಗಿತ್ತು.

ಹುಚ್ಚೆಳ್ಳು ಹೂ · ನವೆಂಬರ್ 8

ಯೂರಿಯಾ ಹಾಕೇ ಇಲ್ಲ ತಮ್ಮ. ಅಪ್ಪ ರಾಗಿಗೇ ಕೈ ಹಿಡಿದು ಹಾಕುತ್ತಾರೆ, ಇನ್ನು ಅವರೆಗೆ ಎಲ್ಲಿ.

ಚದರಡಿ · ನವೆಂಬರ್ 9

ಮೇಡಂ, ಬೇಜಾರು ಮಾಡಿಕೊಳ್ಳಬೇಡಿ, ನೇರ ಹೇಳ್ತೀನಿ. ಒಂದು ಗುಂಟೆ ಅಂದರೆ 1,089 ಚದರ ಅಡಿ. ನಿಮ್ಮದು 110 ಗುಂಟೆ. ಕ್ಯಾಲ್ಕುಲೇಟರ್ ತಗೊಂಡು ಕೂತ್ಕೊಳ್ಳಿ. 2020ರಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ಆದಮೇಲೆ ರೈತರಲ್ಲದವರೂ ಜಮೀನು ಕೊಳ್ಳಬಹುದು, ಗಿರಾಕಿಗೇನೂ ಬರ ಇಲ್ಲ. ಮಾರೋಕೆ ಮನಸ್ಸಿಲ್ಲ ಅಂದರೆ ಜಾಯಿಂಟ್ ಡೆವಲಪ್‌ಮೆಂಟ್‌ಗೆ ಕೊಡಿ. 71 ವರ್ಷದ ಯಜಮಾನರನ್ನ ಮೂರು ಸಾಲು ಅವರೆಗೋಸ್ಕರ ಬಿಸಿಲಲ್ಲಿ ನಿಲ್ಲಿಸೋದು ಯಾವ ನ್ಯಾಯ?

ಹುಚ್ಚೆಳ್ಳು ಹೂ · ನವೆಂಬರ್ 9

ಸರ್, ಅವರನ್ನ ಯಾರೂ ನಿಲ್ಲಿಸಿಲ್ಲ. ಕೂರಿಸೋಕೆ ನಾನು ಹತ್ತು ವರ್ಷದಿಂದ ಪ್ರಯತ್ನ ಪಡ್ತಾ ಇದ್ದೀನಿ.

ಲೆಕ್ಕ ನನಗೂ ಬರುತ್ತೆ, ಹೊಟ್ಟೆಪಾಡಿಗೆ ಮಾಡೋದೇ ಅದನ್ನ. ರಾಗಿ ಇರೋದು 2 ಎಕರೆ, ಮಿಕ್ಕಿದ್ದು ಹಸುವಿನ ಮೇವಿಗೆ. ಮಳೆ ಸರಿಯಾಗಿ ಆದ ವರ್ಷ 16 ಕ್ವಿಂಟಾಲ್ ಬರುತ್ತೆ. ಮನೆಗೂ ನೆಂಟರಿಗೂ ಅಂತ 6 ಕ್ವಿಂಟಾಲ್ ಇಟ್ಟುಕೊಳ್ತೀವಿ. ಈ ವರ್ಷದ (2025-26) ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಉಳಿದ 10 ಕ್ವಿಂಟಾಲಿಗೆ 48,860. ಅದರಲ್ಲಿ ಉಳುಮೆ, ಕಳೆ, ಕೊಯ್ಲು, ಒಕ್ಕಣೆ ಕಳೆದರೆ ಎಷ್ಟು ಉಳಿಯುತ್ತೆ ಅಂತ ಮಾತ್ರ ಕೇಳಬೇಡಿ. ಮನೆ ನಡೆಯೋದು ಎರಡು ಹಸುವಿನ ಹಾಲಿನಿಂದ. ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಖಾತೆಗೆ ಬಿದ್ದ ದಿನ ಅಮ್ಮನ ಮುಖ ನೋಡಬೇಕು ನೀವು.

ಬಿತ್ತನೆ ದಿನದ ಒಂದು ವಿಷಯ ಹೇಳ್ತೀನಿ. ನಮ್ಮೂರಲ್ಲಿ ಈಗ ಉಳಿದಿರೋದು ಒಂದೇ ಜೊತೆ ಎತ್ತು. ಅದರ ಸರದಿಗೆ ಅಪ್ಪ ನಾಲ್ಕು ದಿನ ಕಾದರು. ಹದ ಆರಿ ಹೋಗುತ್ತೆ ಅಂತ ರಾತ್ರಿ ಎದ್ದೆದ್ದು ಹೋಗಿ ಮಣ್ಣು ಮುಟ್ಟಿ ನೋಡಿ ಬರುತ್ತಿದ್ದರು. ಟ್ರ್ಯಾಕ್ಟರಲ್ಲಿ ಹೊಡೆಸಿ ಚೆಲ್ಲಿಬಿಡಿ ಅಂದೆ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಎತ್ತು ಬಂದ ದಿನ ಬೀಜ ಬಿತ್ತೋ ಕೂರಿಗೆಗೆ ಅರಿಶಿನ ಕುಂಕುಮ ಇಟ್ಟು, ಅಪ್ಪ ಅದರ ಬಟ್ಟಲಿಗೆ ರಾಗಿ ಬಿಡೋಕೆ ಶುರು ಮಾಡಿದರು. ಮುಷ್ಟಿಯ ಸಂದಿಯಿಂದ ಕಾಳು ಒಂದೇ ಸಮ ಇಳಿಯುತ್ತೆ. ಜಾಸ್ತಿ ಬಿಟ್ಟರೆ ಪೈರು ಒತ್ತಾಗುತ್ತೆ, ಕಡಿಮೆ ಬಿಟ್ಟರೆ ಕಳೆಗೆ ಜಾಗ ಕೊಟ್ಟ ಹಾಗೆ. ಎಕರೆಗೆ 5 ಕೆಜಿ ಒಳಗೆ ಮುಗಿಯಬೇಕು. ಮುಗಿಯುತ್ತೆ, ತೂಕ ಹಾಕೋದೇ ಬೇಡ. ಹಿಂದೆ ಅಮ್ಮ ಸಡ್ಡೆ ಹಿಡಿದು ಬಿದಿರು ಕೊಳವೆಯಲ್ಲಿ ಅವರೆ ಒಂದೊಂದೇ ಕಾಳು ಬಿಡುತ್ತಾ ನಡೀತಾರೆ. ಆ ದಿನ ಇಬ್ಬರೂ ಜಗಳ ಆಡಲ್ಲ. ವರ್ಷದಲ್ಲಿ ಅದೊಂದೇ ದಿನ.

ಹೊಲ ಮಾರೋ ಮಾತು ಎತ್ತಿದರೆ ಅಪ್ಪ ಉತ್ತರ ಕೊಡಲ್ಲ. ಎದ್ದು ಹೋಗಿ ಹಸುವಿಗೆ ನೀರು ತೋರಿಸ್ತಾರೆ. ಹಸು ಆಗತಾನೆ ಕುಡಿದಿರುತ್ತೆ.

ಅವರೆ ವಿಷಯಕ್ಕೆ ಬರೋಣವಾ?

ಮಾಗಡಿ ಮಾವ · ನವೆಂಬರ್ 9

ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ಹೇಳಿ ತಾಯಿ. ಸಡ್ಡೆ ಅನ್ನೋ ಮಾತು ಕೇಳಿ ಎಷ್ಟು ವರ್ಷ ಆಗಿತ್ತು. ನಮ್ಮವ್ವ ಕೊನೇವರೆಗೂ ಹೊಲ ಗುಂಟೆಯಲ್ಲಿ ಹೇಳಲೇ ಇಲ್ಲ. "ಐದು ಕೊಳಗದ ಹೊಲ" ಅಂತಿದ್ದಳು, ಎಷ್ಟು ಬೀಜ ಹಿಡಿಸುತ್ತೋ ಅಷ್ಟು ಹೊಲ. ಈಗ ಚದರಡಿ.

ಹಸ್ತ, ಚಿತ್ತೆ ಮಳೆ ಜಾಸ್ತಿ ಆಯ್ತೇನೋ ಆ ಕಡೆಗೆ? ತಗ್ಗಿನಲ್ಲಿ ನೀರು ನಿಂತರೂ ಹೀಗಾಗುತ್ತೆ.

ಹುಚ್ಚೆಳ್ಳು ಹೂ · ನವೆಂಬರ್ 9

ಹೇಳ್ತೀನಿ ಮಾವ. ಆದರೆ ಮೂಡಲ ಕಡೆನೇ ದಿಬ್ಬ, ನೀರು ನಿಲ್ಲಲ್ಲ.

ಸೇವಂತಿಗೆ ತೋಟ, ಚಿಕ್ಕಬಳ್ಳಾಪುರ · ನವೆಂಬರ್ 9

ಒಂದು ಕೇಳ್ತೀನಿ. ಆ ಮೂರು ಸಾಲಿನ ಹತ್ತಿರ ರಾತ್ರಿ ಲೈಟ್ ಉರಿಯುತ್ತಾ?

ಯಾಕೆ ಕೇಳಿದೆ ಅಂದರೆ, ಸೇವಂತಿಗೆಗೆ ನಾವೇ ಬೇಕಂತ ಬಲ್ಬ್ ಕಟ್ತೀವಿ. ರಾತ್ರಿ ಬೆಳಕು ಕೊಟ್ಟರೆ ಗಿಡ ಹೂ ಬಿಡದೆ ಎತ್ತರಕ್ಕೆ ಬೆಳೆಯುತ್ತೆ. ನಮಗೆ ಯಾವಾಗ ಹೂ ಬೇಕೋ ಲೆಕ್ಕ ಹಾಕಿ ಬಲ್ಬ್ ಆರಿಸ್ತೀವಿ, ಆಮೇಲೆ ಮೊಗ್ಗು. ರಾತ್ರಿ ಹೈವೇಯಲ್ಲಿ ಹೋಗುವಾಗ ಜಾತ್ರೆ ಥರ ಹೊಲ ತುಂಬಾ ದೀಪ ನೋಡಿರಬಹುದು, ಅದು ಇದೇ.

ಹುಚ್ಚೆಳ್ಳು ಹೂ · ನವೆಂಬರ್ 9

ಅಣ್ಣಾ, ಇದೆ. ಪಕ್ಕದಲ್ಲಿ ಒಂದು ಲೇಔಟ್ ಆಗಿದೆ. ಆಗಸ್ಟಿನಲ್ಲಿ ಅವರ ಕಾಂಪೌಂಡಿಗೆ ಅಂಟಿಕೊಂಡ ಹಾಗೆ ಎತ್ತರದ ಕಂಬ ನೆಟ್ಟು ದೊಡ್ಡ ಎಲ್‌ಇಡಿ ದೀಪ ಹಾಕಿದರು. ಸಂಜೆ ಆರರಿಂದ ಬೆಳಿಗ್ಗೆ ಆರರ ತನಕ ಉರಿಯುತ್ತೆ. ಅರ್ಧ ಬೆಳಕು ನಮ್ಮ ಹೊಲಕ್ಕೇ ಬೀಳುತ್ತೆ. ಈಗ ಹೊರಗೆ ಹೋಗಿ ನಿಂತು ನೋಡಿದೆ. ಬೆಳಕು ಎಲ್ಲಿಗೆ ಮುಗಿಯುತ್ತೋ ಸರಿಯಾಗಿ ಅಲ್ಲಿಂದ ಹೂ ಶುರು. ಮೈ ಜುಂ ಅಂತು.

ಹಳೇ ಬ್ಯಾಚ್, ಜಿಕೆವಿಕೆ · ನವೆಂಬರ್ 10

ಸೇವಂತಿಗೆಯವರು ಹೇಳಿದ್ದು ನೂರಕ್ಕೆ ನೂರು ಸರಿ. ನಾಟಿ ಅವರೆ ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡೋ ಗಿಡ. ಹಗಲು ಅಂತ ಹೇಳ್ತೀವಿ, ಆದರೆ ಅದು ಅಳೆಯೋದು ರಾತ್ರಿಯನ್ನ. ಬೆಂಗಳೂರಲ್ಲಿ ಜೂನ್ ಕೊನೆಯ ಹಗಲಿಗೂ ಡಿಸೆಂಬರ್ ಕೊನೆಯ ಹಗಲಿಗೂ ಸುಮಾರು ಒಂದೂವರೆ ಗಂಟೆ ವ್ಯತ್ಯಾಸ. ನಮಗೆ ಅದು ಗೊತ್ತೇ ಆಗಲ್ಲ, ಗಿಡಕ್ಕೆ ಗೊತ್ತಾಗುತ್ತೆ. ಅದಕ್ಕೇ ಜೂನಿನಲ್ಲಿ ಬಿತ್ತಿ, ಆಗಸ್ಟಿನಲ್ಲಿ ಬಿತ್ತಿ, ನಾಟಿ ಅವರೆ ಹೂ ಬಿಡೋದು ಚಳಿ ಬೀಳೋ ಹೊತ್ತಿಗೇ. ಎಲೆಯಲ್ಲಿ ಫೈಟೋಕ್ರೋಮ್ ಅನ್ನೋ ವಸ್ತು ಇದೆ, ಕತ್ತಲೆ ಎಷ್ಟು ಹೊತ್ತು ಇತ್ತು ಅನ್ನೋದರ ಗುರುತು ಇಡೋದು ಅದೇ. ರಾತ್ರಿಯಿಡೀ ದೀಪ ಬಿದ್ದರೆ ಆ ಲೆಕ್ಕ ತಪ್ಪುತ್ತೆ. ಇನ್ನೂ ಹೊತ್ತು ಇದೆ ಅಂತ ಎಲೆ ಬಿಡುತ್ತಾ ಕೂರುತ್ತೆ. ತೊಗರಿಯ ಹಳೇ ತಳಿಗಳೂ ಇದೇ ಜಾತಿ. ರಾಗಿಗೂ ಸ್ವಲ್ಪ ಈ ಗುಣ ಇದೆ, ನಿಮ್ಮ ರಾಗಿ ಒಂದು ವಾರ ತಡ ಆಗಿದ್ದು ಅದಕ್ಕೇ ಇರಬೇಕು.

ನಮ್ಮ ಜಿಕೆವಿಕೆ, ಅಂದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿಗೆ ಈ ಹಂಗಿಲ್ಲ. ವರ್ಷದ ಯಾವ ಕಾಲದಲ್ಲಿ ಬಿತ್ತಿದರೂ ಹೂ ಬಿಡುತ್ತೆ. ಬೇಸಿಗೆಯಲ್ಲೂ ಮಾರ್ಕೆಟ್ಟಿಗೆ ಅವರೆಕಾಯಿ ಬರೋದು ಅಂಥ ತಳಿಗಳಿಂದ. ಮುಂದಿನ ವರ್ಷ ಆ ಮೂರು ಸಾಲಿಗೆ ಅದನ್ನೇ ಹಾಕಿ ನೋಡಬಹುದು. ಸೊಗಡಿನ ವಿಷಯ ನಾನು ಮಾತಾಡಲ್ಲ, ಜಗಳ ಆಗುತ್ತೆ.

ವಿವಿ ಪುರಂ ತಿಂಡಿಪೋತ · ನವೆಂಬರ್ 10

ಆಗಲಿ ಬಿಡಿ ಜಗಳ. ಸೊಗಡಿಲ್ಲದ ಅವರೆ ಅವರೇನಾ? ಸಜ್ಜನ್ ರಾವ್ ಸರ್ಕಲ್ಲಿನ ಅವರೆ ಮೇಳದಲ್ಲಿ ದೋಸೆಯಿಂದ ಜಿಲೇಬಿ ತನಕ ಎಲ್ಲಾ ತಿಂದಿದ್ದೀನಿ. ಕಾಯಿ ಸುಲಿದ ಮೇಲೆ ಕೈಗೆ ಆ ಜಿಡ್ಡು ಹತ್ತಿ, ಸೋಪು ಹಾಕಿದರೂ ವಾಸನೆ ಹೋಗಬಾರದು. ಅದು ಅವರೆ.

ಹುಚ್ಚೆಳ್ಳು ಹೂ · ನವೆಂಬರ್ 10

ಅಪ್ಪನಿಗೆ ಎಲ್ಲಾ ಓದಿ ಹೇಳಿದೆ. ನಂಬಲಿಲ್ಲ. "ಹುಣ್ಣಿಮೆ ದಿವ್ಸ ಬೆಳ್ದಿಂಗ್ಳು ಬೀಳಲ್ವಾ? ಆಗ ಹೂವ ಬಿಡೋದು ನಿಲ್ಸುತ್ತಾ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಳೇ ಬ್ಯಾಚ್, ಜಿಕೆವಿಕೆ · ನವೆಂಬರ್ 10

ಒಳ್ಳೆ ಪ್ರಶ್ನೆ ಕೇಳಿದ್ದಾರೆ ಯಜಮಾನರು. ಬೆಳದಿಂಗಳು ನಮಗೆ ಜಾಸ್ತಿ ಅನಿಸುತ್ತೆ, ಆದರೆ ಕಂಬದ ದೀಪದ ಮುಂದೆ ಅದು ಏನೇನೂ ಅಲ್ಲ. ಬೀದಿ ದೀಪದ ಕೆಳಗೆ ಪೇಪರ್ ಓದಬಹುದು. ಬೆಳದಿಂಗಳಲ್ಲಿ ಓದಿ ನೋಡಲಿ.

5ನೇ ಅಡ್ಡರಸ್ತೆ · ನವೆಂಬರ್ 11

ಆ ಲೇಔಟ್ ಬಹುಶಃ ನಮ್ಮದೇ. ಎಲ್ಲರೂ ನಮ್ಮ ಮೇಲೆ ಬೀಳೋ ಮುಂಚೆ ಎರಡು ಮಾತು. ದೀಪ ಶೋಕಿಗೆ ಹಾಕಿದ್ದಲ್ಲ. ಎರಡು ಬೈಕ್ ಕಳುವಾದವು, ಮಕ್ಕಳು ಆಡೋ ಕಡೆ ಎರಡು ಸಲ ಹಾವು ಬಂತು. ನನ್ನ ಹೆಂಡತಿ ರಾತ್ರಿ 11ಕ್ಕೆ ಕ್ಯಾಬ್ ಇಳಿದು ನಡೆದು ಬರ್ತಾರೆ. ನಾವೂ ಸಾಲ ಮಾಡಿ ಸೈಟ್ ತಗೊಂಡವರೇ, ಶ್ರೀಮಂತರಲ್ಲ.

ಆನೇಕಲ್ ಹುಡುಗ · ನವೆಂಬರ್ 11

ಹಾವು ಬಂತಾ? ಹಾವಿನ ಮನೆಗೆ ನೀವು ಬಂದಿದ್ದು ಸಾರ್.

ಹುಚ್ಚೆಳ್ಳು ಹೂ · ನವೆಂಬರ್ 11

ತಮ್ಮಾ, ಸುಮ್ನಿರು. 5ನೇ ಅಡ್ಡರಸ್ತೆಯವರು ಹೇಳೋದರಲ್ಲಿ ತಪ್ಪಿಲ್ಲ. ನಿಜ ಹೇಳಬೇಕು ಅಂದರೆ ಆ ದೀಪ ಬಂದಾಗ ಖುಷಿಪಟ್ಟವಳು ನಾನೇ. ಬಸ್ಸಿಳಿದು ಮನೆಗೆ ಬರೋ ದಾರಿ ಅದೇ. ಮೊದಲು ಆ ತಿರುವಿನಲ್ಲಿ ಮೊಬೈಲ್ ಟಾರ್ಚ್ ಹಾಕಿಕೊಂಡು ಓಡಿ ಬರ್ತಿದ್ದೆ. ದೀಪ ಪೂರ್ತಿ ಆರಿಸಿ ಅಂತ ನಾನು ಕೇಳಲ್ಲ. ಹೊಲದ ಕಡೆ ಒಂದು ಮರೆ ಆದರೆ ಸಾಕು.

5ನೇ ಅಡ್ಡರಸ್ತೆ · ನವೆಂಬರ್ 11

ಸಂಘದಲ್ಲಿ ಕೇಳ್ತೀನಿ. ಆದರೆ ಅವರೆಗಿಡಕ್ಕೆ ಕತ್ತಲೆ ಬೇಕು ಅಂತ ಮೀಟಿಂಗಲ್ಲಿ ಹೇಳಿದರೆ ನಗ್ತಾರೆ, ಏನಾದರೂ ಪುರಾವೆ ಬೇಕು.

ಹುಚ್ಚೆಳ್ಳು ಹೂ · ನವೆಂಬರ್ 16

ಈ ವಾರದ ಕಥೆ. ಅಪ್ಪ ಪ್ರತಿ ನವೆಂಬರ್ ಜಿಕೆವಿಕೆ ಕೃಷಿ ಮೇಳಕ್ಕೆ ಹೋಗ್ತಾರೆ, ಒಂದು ವರ್ಷವೂ ತಪ್ಪಿಸಿಲ್ಲ. ಈ ಸಲ ನನ್ನನ್ನೂ ರಜಾ ಹಾಕಿಸಿದರು. ಮೂಡಲ ಕಡೆಯ ಒಂದು ಬಳ್ಳಿ, ಪಡುವಲ ಕಡೆಯ ಒಂದು ಬಳ್ಳಿ, ಎರಡನ್ನೂ ಒದ್ದೆ ಗೋಣಿಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಬಸ್ಸಲ್ಲಿ ಕೂತರು. ಕಂಡಕ್ಟರ್ "ಲಗೇಜಾ ತಾತ?" ಅಂದರೆ "ರೋಗಿ" ಅಂದರು!

ಮಳಿಗೆಯಲ್ಲಿದ್ದ ವಿಜ್ಞಾನಿ ಎರಡೂ ಬಳ್ಳಿ ಪಕ್ಕ ಪಕ್ಕ ಇಟ್ಟು ನೋಡಿದರು. ಅಪ್ಪ ದೀಪದ ಮಾತೇ ಎತ್ತಿರಲಿಲ್ಲ, ನನಗೂ ಬಾಯಿ ಬಿಡಬೇಡ ಅಂತ ದಾರಿಯಲ್ಲೇ ಹೇಳಿದ್ದರು. ಆ ಮನುಷ್ಯ ಮೊದಲು ಕೇಳಿದ್ದೇ "ಯಜಮಾನ್ರೇ, ಈ ಬಳ್ಳಿ ಇದ್ದ ಕಡೆ ಲೈಟ್ ಕಂಬ ಇದೆಯಾ?" ಅಂತ. ಅಪ್ಪ ನನ್ನ ಮುಖ ನೋಡಿದರು. ಆಮೇಲೆ ಕತ್ತಲೆ ಎಷ್ಟು ಹೊತ್ತು ಬೇಕು, ಎಷ್ಟು ದಿನ ಬೇಕು ಅಂತ ಎರಡೇ ಪ್ರಶ್ನೆ. ವಾಪಸ್ ಬರುವಾಗ ಬಸ್ಸಲ್ಲಿ ಮಾತೇ ಇಲ್ಲ.

ಸಂಜೆ ನೋಡ್ತೀನಿ, ಹೊಲದಲ್ಲಿ ನಾಲ್ಕು ಕಡ್ಡಿ ನೆಟ್ಟು ತಮ್ಮ ಹಳೇ ಕರಿ ಕಂಬಳಿ ಹೊದಿಸುತ್ತಿದ್ದಾರೆ. ಒಟ್ಟು ನಾಲ್ಕು ಗಿಡಕ್ಕೆ. ಆರು ಗಂಟೆಗೆ ಹೊದಿಸೋದು, ಬೆಳಿಗ್ಗೆ ಹಾಲು ಕರೆಯೋ ಮುಂಚೆ ಅಲ್ಲ, ಹೊತ್ತು ಮೂಡಿದ ಮೇಲೆ ತೆಗೆಯೋದು. ಪಕ್ಕದ ನಾಲ್ಕು ಗಿಡ ಹಾಗೇ ಬಿಟ್ಟಿದ್ದಾರೆ. ಯಾಕಪ್ಪ ಅಂದರೆ "ಅವ್ರು ಹೇಳಿದ್ದು ಅವ್ರ ಹೊಲ್ದಾಗೆ. ನಮ್ ಹೊಲ ಏನ್ ಹೇಳುತ್ತೋ ನೋಡುವ" ಅಂದರು. ಚಳಿಗೆ ಅಪ್ಪ ಏನು ಹೊದ್ದುಕೊಳ್ತಾರೆ ಅಂತ ಅಮ್ಮ ಒಂದೇ ಸಮ ಗೊಣಗ್ತಿದ್ದಾರೆ.

ಹಳೇ ಬ್ಯಾಚ್, ಜಿಕೆವಿಕೆ · ನವೆಂಬರ್ 16

ನಾಲ್ಕು ಹೊದಿಸಿ ನಾಲ್ಕು ಬಿಟ್ಟಿದ್ದಾರಾ! ನಮಗೆ ಇದನ್ನ ಕಲಿಸೋಕೆ ಒಂದು ಸೆಮಿಸ್ಟರ್ ತಗೊಂಡಿದ್ದರು.

ದೇವನಹಳ್ಳಿ ಚಕ್ಕೋತ · ನವೆಂಬರ್ 18

ತಡವಾಗಿ ಓದಿದೆ. ಚದರಡಿಯವರಿಗೆ ಒಂದು ಮಾತು. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ನಾವು ಮಾರಿದವರು. ನಮ್ಮದು ಬೆಂಗಳೂರು ನೀಲಿ ದ್ರಾಕ್ಷಿ ತೋಟ. ಚಪ್ಪರ ಕಿತ್ತ ದಿನ ಅಪ್ಪ ಊರಲ್ಲಿರಲಿಲ್ಲ, ಬೇಕಂತಲೇ ನೆಂಟರ ಮನೆಗೆ ಹೋಗಿದ್ದರು. ದುಡ್ಡು ಬಂತು, ಸುಳ್ಳು ಹೇಳಲ್ಲ. ಮನೆ, ಕಾರು, ತಂಗಿ ಮದುವೆ, ಎಲ್ಲಾ ಆಯಿತು. ಈಗ ಅಪ್ಪ ಮೂರನೇ ಮಹಡಿಯ ತಾರಸಿಯಲ್ಲಿ ಪೇಂಟ್ ಡಬ್ಬದಲ್ಲಿ ಕರಿಬೇವು ಬೆಳೆಸ್ತಾರೆ. ದಿನಕ್ಕೆ ನಾಲ್ಕು ಸಲ ನೀರು ಹಾಕಿ ಎರಡು ಗಿಡ ಕೊಳೆಸಿದರು.

ನಮ್ಮ ತಾಲ್ಲೂಕಿನದೇ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಯವರು 1,777 ಎಕರೆ ಬಿಡಲ್ಲ ಅಂತ ಮೂರು ವರ್ಷಕ್ಕೂ ಜಾಸ್ತಿ ಧರಣಿ ಕೂತರಲ್ಲ. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಭೂಸ್ವಾಧೀನ ಕೈಬಿಟ್ಟಿದ್ದೀವಿ ಅಂತ ಹೇಳಿದಾಗ ನಮ್ಮಪ್ಪ ಟಿವಿ ಸೌಂಡ್ ಜಾಸ್ತಿ ಮಾಡಿ ಕೂತಿದ್ದರು. ನಮ್ಮ ಜಮೀನಿಗೂ ಅದಕ್ಕೂ ಸಂಬಂಧವೇ ಇಲ್ಲ.

ಚದರಡಿ · ನವೆಂಬರ್ 18

ನಾನು ವ್ಯವಹಾರದ ಮಾತಾಡಿದೆ ಅಷ್ಟೇ. ಕಂಬಳಿ ಕಥೆ ಏನಾಯ್ತು ಹೇಳಿ.

ಹುಚ್ಚೆಳ್ಳು ಹೂ · ನವೆಂಬರ್ 30

ರಾಗಿ ಕೊಯ್ಲು ಮುಗೀತು, ಅರಿ ಒಣಗಿಸಿ ಮೆದೆ ಹಾಕಿದ್ದೀವಿ. ಆಳು ಸಿಗದೆ ನಾನೂ ಎರಡು ದಿನ ಕುಡುಗೋಲು ಹಿಡಿದೆ, ಈಗ ಕೀಬೋರ್ಡ್ ಒತ್ತೋಕೂ ಬೆರಳು ನೋವು. ಹೊಲದಲ್ಲಿ ಈಗ ಅವರೆ, ತೊಗರಿ ಮಾತ್ರ ನಿಂತಿವೆ. ಕಂಬಳಿ ಕೆಳಗೆ ಇನ್ನೂ ಏನಿಲ್ಲ.

ಹುಚ್ಚೆಳ್ಳು ಹೂ · ಡಿಸೆಂಬರ್ 11

ಮೊಗ್ಗು!! ಕಂಬಳಿ ಹೊದಿಸಿದ ನಾಲ್ಕರಲ್ಲಿ ಮೂರು ಗಿಡಕ್ಕೆ. ಪಕ್ಕದ ನಾಲ್ಕರಲ್ಲಿ ಒಂದೂ ಇಲ್ಲ. ಬೆಳಿಗ್ಗೆ ಆರೂವರೆಗೆ ಅಪ್ಪ ನನ್ನನ್ನ ಎಬ್ಬಿಸಿ ಕರ್ಕೊಂಡು ಹೋದರು. ಸಾಸಿವೆ ಕಾಳಿನಷ್ಟಿದೆ. ಕನ್ನಡಕ ಇಲ್ಲದೆ ಅವರಿಗೆ ಹೇಗೆ ಕಾಣಿಸ್ತೋ ಗೊತ್ತಿಲ್ಲ.

5ನೇ ಅಡ್ಡರಸ್ತೆ · ಡಿಸೆಂಬರ್ 14

ಇವತ್ತು ಭಾನುವಾರ, ಸಂಘದ ಇಬ್ಬರನ್ನ ಕರ್ಕೊಂಡು ಹೋಗಿ ನೋಡಿ ಬಂದೆ. ಯಜಮಾನರು ಏನೂ ವಾದ ಮಾಡಲಿಲ್ಲ. ಕಂಬಳಿ ಎತ್ತಿ ತೋರಿಸಿದರು, ಪಕ್ಕದ ಗಿಡ ತೋರಿಸಿದರು, ಕಂಬದ ಕಡೆ ಒಂದು ಸಲ ನೋಡಿದರು, ಅಷ್ಟೇ. ಅಮ್ಮ ಕಾಫಿ ಕೊಟ್ಟರು. ಸಂಜೆ ಎಲೆಕ್ಟ್ರಿಷಿಯನ್ ಬಂದು ದೀಪದ ತಲೆ ರಸ್ತೆ ಕಡೆ ಬಗ್ಗಿಸಿ, ಹೊಲದ ಕಡೆಗೆ ತಗಡಿನ ಮರೆ ಹಾಕಿದ್ದಾನೆ. ರಸ್ತೆಗೆ ಮೊದಲಿಗಿಂತ ಜಾಸ್ತಿ ಬೆಳಕು ಬೀಳ್ತಿದೆ, ನನ್ನ ಹೆಂಡತಿಗೆ ಖುಷಿ. ಇದನ್ನ ಮೊದಲೇ ಮಾಡಬಹುದಿತ್ತು.

ಹುಚ್ಚೆಳ್ಳು ಹೂ · ಡಿಸೆಂಬರ್ 14

ತುಂಬಾ ಥ್ಯಾಂಕ್ಸ್ ಸರ್. ಕಂಬಳಿ ಮನೆಗೆ ಬಂತು. ಒಗೆಯದೆ ಒಳಗೆ ಬಿಡಲ್ಲ ಅಂತ ಅಮ್ಮ ಬಾಗಿಲಲ್ಲೇ ನಿಂತಿದ್ದಾರೆ.

ವಿವಿ ಪುರಂ ತಿಂಡಿಪೋತ · ಜನವರಿ 20

ಏನಾಯ್ತು ಅಂತ ಯಾರೂ ಹೇಳಲೇ ಇಲ್ಲ? ಹಿತಕಿದ ಬೇಳೆ ಸಾರು ಆಯ್ತಾ?

ಹುಚ್ಚೆಳ್ಳು ಹೂ · ಜನವರಿ 31

ಕ್ಷಮಿಸಿ, ಆಫೀಸ್ ಕೆಲಸ ಜಾಸ್ತಿ ಇತ್ತು. ಪಡುವಲ ಕಡೆ ಕಾಯಿ ಸಂಕ್ರಾಂತಿಗೇ ಮುಗೀತು. ಮಾರಿದ್ದು ಕಡಿಮೆ, ತಿಂದಿದ್ದು ಜಾಸ್ತಿ. 5ನೇ ಅಡ್ಡರಸ್ತೆಗೆ ಒಂದು ಚೀಲ ಹೋಯಿತು. ಮೂಡಲ ಕಡೆ ಮೂರೂ ಸಾಲಿಗೆ ಈಗ ಹೂ, ಅಲ್ಲಲ್ಲಿ ಎಳೆ ಕಾಯಿ. ಇಬ್ಬನಿ ಕಡಿಮೆ ಆಗ್ತಿದೆ, ಸೊಗಡು ಅಷ್ಟು ಬರಲ್ಲ ಅಂತಾರೆ ಅಪ್ಪ. ಸಂತೋಷದ ಮುಖವೇನೂ ಇಲ್ಲ. ಎರಡು ತಿಂಗಳು ತಡ ಆಯ್ತಲ್ಲ ಅಂತ ಕೊರಗು. ಕಂಬಳಿ ಹೊದ್ದ ನಾಲ್ಕು ಗಿಡದ ಕಾಯಿ ಮಾತ್ರ ಯಾರೂ ಮುಟ್ಟೋ ಹಾಗಿಲ್ಲ, ಅದು ಬೀಜಕ್ಕೆ. ಬೇರೆ ಮಡಕೆ ಬೇರೆ ತಂದಿದ್ದಾರೆ.

ಮಾಗಡಿ ಮಾವ · ಫೆಬ್ರವರಿ 1

ತಾಯಿ, ಆ ನಾಟಿ ಬೀಜ ಒಂದು ಹಿಡಿ ನನಗೂ ಸಿಗುತ್ತಾ? ದುಡ್ಡು ಕಳಿಸ್ತೀನಿ, ಕೊರಿಯರ್ ಮಾಡಿ.

ಹುಚ್ಚೆಳ್ಳು ಹೂ · ಫೆಬ್ರವರಿ 1

ಕೇಳಿದೆ ಮಾವ. ಬೀಜಕ್ಕೆ ದುಡ್ಡು ಇಸ್ಕೊಳ್ಳಲ್ಲವಂತೆ. ಕೊರಿಯರಲ್ಲೂ ಕೊಡಲ್ಲವಂತೆ. ನೀವೇ ಒಂದು ಬಟ್ಟೆ ಚೀಲ ತಗೊಂಡು ಬರಬೇಕು. ಬಿತ್ತೋ ಹೊಲದ ಪಕ್ಕ ಲೈಟ್ ಕಂಬ ಇದೆಯಾ ಅಂತ ಮೊದಲು ಕೇಳು ಅಂದರು.